ಸುಕುಮಾರ್ ಸೇನ್

ಸುಕುಮಾರ್ ಸೇನ್ ಅವರು ಸ್ವತಂತ್ರ ಭಾರತದ ಮೊದಲ ಮುಖ್ಯ ಚುನಾವಣಾ ಆಯುಕ್ತರು. 1950ರ ಮಾರ್ಚ್ 21ರಿಂದ 1958ರ ಡಿಸೆಂಬರ್ 19ರವರೆಗೆ ಈ ಹುದ್ದೆಯಲ್ಲಿದ್ದು, 1951-52 ಮತ್ತು 1957ರ ಮಹಾಚುನಾವಣೆಗಳನ್ನು ನಡೆಸಿದರು. ಚುನಾವಣೆಯ ಚಿಹ್ನೆ, ಉಕ್ಕಿನ ಮತಪೆಟ್ಟಿಗೆ, ಬೆರಳಿಗೆ ಹಚ್ಚುವ ಶಾಯಿ, ಸ್ವಂತ ಹೆಸರಿನಲ್ಲಿ ಪಟ್ಟಿಗೆ ಸೇರಿದ ಮತದಾರ ಎಂಬ ಇಂದಿನ ಪರಿಚಿತ ಏರ್ಪಾಡುಗಳು ರಾಷ್ಟ್ರವ್ಯಾಪಿಯಾಗಿ ಜಾರಿಗೆ ಬಂದದ್ದು ಇವರ ಅಧಿಕಾರಾವಧಿಯಲ್ಲಿ. ಈಗ ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಪ್ರದೇಶಗಳ ಜನರು ಇವರು ನಡೆಸಿದ ಮೊದಲ ಚುನಾವಣೆಯಲ್ಲಿ ಮುಂಬಯಿ ರಾಜ್ಯದ ಮತದಾರರಾಗಿಯೂ, ಎರಡನೆಯದರಲ್ಲಿ ಮೈಸೂರು ರಾಜ್ಯದ ಮತದಾರರಾಗಿಯೂ ಮತ ಚಲಾಯಿಸಿದರು.

ಆರಂಭಿಕ ಜೀವನ

ಸೇನ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಂಗಾಳಿ ಕುಟುಂಬವೊಂದರಲ್ಲಿ ಜನಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಲಂಡನ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿ, ಲಂಡನ್ನಿನಲ್ಲಿ ಗಣಿತಶಾಸ್ತ್ರಕ್ಕೆ ಚಿನ್ನದ ಪದಕ ಪಡೆದರು. 1920ರ ದಶಕದ ಆರಂಭದಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಸೇರಿ ಬಂಗಾಳದ ಹಲವು ಜಿಲ್ಲೆಗಳಲ್ಲಿ ಸೇವೆ ಸಲ್ಲಿಸಿದರು; ದೀರ್ಘಕಾಲ ನ್ಯಾಯಾಧೀಶರಾಗಿದ್ದರು. 1947ರಲ್ಲಿ ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಯಾದರು. ಮುಂದೆ ಕೇಂದ್ರ ಸರ್ಕಾರದಲ್ಲಿ ಕಾನೂನು ಸಚಿವರಾದ ಅಶೋಕ್ ಕುಮಾರ್ ಸೇನ್ ಇವರ ಸಹೋದರರು.

ಗಣಿತ ಓದಿದವರು, ನ್ಯಾಯಪೀಠದಲ್ಲಿ ಕುಳಿತವರು, ಆಡಳಿತ ನಡೆಸಿದವರು ಎಂಬ ಈ ಮೂರು ಅನುಭವಗಳೂ ಮುಂದಿನ ಕೆಲಸಕ್ಕೆ ಒದಗಿಬಂದವು. ಚುನಾವಣೆ ಎಂಬುದು ಬಹುಮಟ್ಟಿಗೆ ಲೆಕ್ಕದ ಕೆಲಸ. ಲೆಕ್ಕ ತಪ್ಪಿದಲ್ಲಿ ನ್ಯಾಯವೂ ತಪ್ಪುತ್ತದೆ.

ಮತದಾರರ ಪಟ್ಟಿ

ಬ್ರಿಟಿಷರ ಕಾಲದಲ್ಲಿ ಮತದಾನದ ಹಕ್ಕು ಆಸ್ತಿ, ತೆರಿಗೆ ಮತ್ತು ವಿದ್ಯಾರ್ಹತೆಗಳಿಗೆ ಅಂಟಿಕೊಂಡಿತ್ತು. ಸಂವಿಧಾನವು 21 ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಗೂ ಆ ಹಕ್ಕನ್ನು ಕೊಟ್ಟಿತು. ಸಂವಿಧಾನ ಇನ್ನೂ ರಚನೆಯಾಗುತ್ತಿದ್ದಾಗಲೇ, 1947ರ ಕೊನೆಯಿಂದ, ಸಂವಿಧಾನ ಸಭೆಯ ಸಚಿವಾಲಯವು ಕರಡು ಮತದಾರರ ಪಟ್ಟಿಯ ಸಿದ್ಧತೆಯನ್ನು ಆರಂಭಿಸಿತ್ತು. ಈ ಕಾರ್ಯಕ್ಕೆ ಮಾರ್ಗದರ್ಶನ ಮಾಡಿದವರು ಸಂವಿಧಾನ ಸಭೆಯ ಸಲಹೆಗಾರರೂ ಮಂಗಳೂರಿನಲ್ಲಿ ಹುಟ್ಟಿದವರೂ ಆದ ಬೆನಗಲ್ ನರಸಿಂಗ ರಾವ್. ಸೇನ್ ಅವರ ಕೈಗೆ ಬಂದದ್ದು ಹೀಗೆ ಅರ್ಧ ದಾರಿ ನಡೆದಿದ್ದ ಕೆಲಸ ಎಂಬುದನ್ನು ನೆನೆಯಬೇಕು. ಮೊದಲ ಚುನಾವಣೆಯ ಶ್ರೇಯಸ್ಸನ್ನು ಒಬ್ಬರಿಗೇ ಕೊಡುವ ರೂಢಿ ಸರಿಯಲ್ಲ.

ಪ್ರಧಾನಿ ಜವಾಹರಲಾಲ್ ನೆಹರೂ ಅವರು ಚುನಾವಣೆಯು 1951ರ ವಸಂತ ಋತುವಿನ ವೇಳೆಗೆ ಮುಗಿಯಬೇಕೆಂದು ಬಯಸಿದ್ದರು. ಸಿದ್ಧತೆಯಿಲ್ಲದೆ ಅವಸರ ಮಾಡುವುದು ಬೇಡವೆಂಬ ನಿಲುವನ್ನು ಸೇನ್ ತಳೆದರು. ಪಟ್ಟಿಯ ತಯಾರಿಗೆ ಅವಕಾಶ ನೀಡುವ ಪ್ರಜಾಪ್ರತಿನಿಧಿ ಕಾಯ್ದೆ 1950ರಲ್ಲಿಯೂ, ಚುನಾವಣೆ ನಡೆಸುವ ವಿಧಾನವನ್ನು ತಿಳಿಸುವ ಎರಡನೆಯ ಕಾಯ್ದೆ 1951ರಲ್ಲಿಯೂ ಜಾರಿಗೆ ಬಂದವು. ಪಟ್ಟಿಗಳನ್ನು ಬೆರಳಚ್ಚು ಮಾಡಲು ಮತ್ತು ಹೋಲಿಸಿ ನೋಡಲು 16,500 ಗುಮಾಸ್ತರನ್ನು ಆರು ತಿಂಗಳ ಕರಾರಿನ ಮೇಲೆ ನೇಮಿಸಲಾಯಿತು. ಅಂತಿಮವಾಗಿ ಮತದಾರರ ಸಂಖ್ಯೆ 17 ಕೋಟಿಯನ್ನು ಮೀರಿತು. ಅವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಓದು ಬರಹ ಬರುತ್ತಿರಲಿಲ್ಲ.

ಪಟ್ಟಿಯ ಕೆಲಸದಲ್ಲಿ ಎದುರಾದ ಬಹು ದೊಡ್ಡ ತೊಡಕು ಹೆಂಗಸರ ಹೆಸರಿನದು. ಉತ್ತರ ಭಾರತದ ಅನೇಕ ಕಡೆ ಮಹಿಳೆಯರು ಪರಪುರುಷನಾದ ಗಣತಿದಾರನಿಗೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಕನ್ನಡ ನಾಡಿನಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ರೂಢಿಯಿತ್ತು. ಮದುವೆಯಲ್ಲಿ ಒಡಪು ಹಾಕಿ ಹೇಳಿಸುವ ಪದ್ಧತಿ ಹುಟ್ಟಿದ್ದೇ ಆ ಸಂಕೋಚದಿಂದ. ಅಲ್ಲಿಯಾದರೋ ಆಕೆ ತನ್ನ ಹೆಸರನ್ನೇ ಮರೆಮಾಡಬೇಕಿತ್ತು. ಸಂಬಂಧವನ್ನು ಮಾತ್ರ ಬರೆದ ನಮೂದನ್ನು ಮತದಾರರ ಗುರುತೆಂದು ಒಪ್ಪಲಾಗದು ಎಂದು ಆಯೋಗ ನಿರ್ಧರಿಸಿತು. ಹೆಸರು ಸೇರಿಸಲು ಬಿಹಾರಕ್ಕೆ ಒಂದು ತಿಂಗಳ ಹೆಚ್ಚುವರಿ ಅವಧಿ ಕೊಡಲಾಯಿತು. ಅಷ್ಟಾದರೂ ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರ ಪೈಕಿ 28 ಲಕ್ಷದಷ್ಟು ಮಂದಿಯನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಇವರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತ ಮತ್ತು ವಿಂಧ್ಯ ಪ್ರದೇಶಗಳವರು.

ಈ ನಿರ್ಧಾರ ಕಠಿಣವಾದದ್ದು. ಮೊದಲ ಸಲ ಸಿಕ್ಕ ಹಕ್ಕು ತಮ್ಮದಲ್ಲದ ಕಟ್ಟುಪಾಡಿನಿಂದ ಅಷ್ಟು ಜನ ಹೆಂಗಸರ ಕೈತಪ್ಪಿತು. ಆದರೆ ಹೆಸರಿಲ್ಲದ ನಮೂದನ್ನು ಒಪ್ಪಿದ್ದರೆ ಮತಗಟ್ಟೆಯಲ್ಲಿ ಬಂದವಳು ಯಾರೆಂದು ತಿಳಿಯುವ ಬಗೆ ಇರುತ್ತಿರಲಿಲ್ಲ. ಆಕೆಯ ಮತವನ್ನು ಮನೆಯ ಗಂಡಸರು ಬೇರೊಬ್ಬರಿಂದ ಹಾಕಿಸಲೂ ಅವಕಾಶವಿರುತ್ತಿತ್ತು. ಮುಂದಿನ ಚುನಾವಣೆಯ ವೇಳೆಗೆ ಈ ಸಂಕೋಚ ಕಳೆಯಬಹುದೆಂದು ಸೇನ್ ಭರವಸೆ ಇಟ್ಟುಕೊಂಡಿದ್ದರು.

ಪೆಟ್ಟಿಗೆ, ಚಿಹ್ನೆ, ಶಾಯಿ

ಓದು ಬಾರದ ಮತದಾರ ಅಭ್ಯರ್ಥಿಯನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ಚಿಹ್ನೆಯೇ ಉತ್ತರವಾಯಿತು. ನಿತ್ಯದ ಬದುಕಿನಲ್ಲಿ ಕಾಣುವ ವಸ್ತುಗಳನ್ನು ಆರಿಸಲಾಯಿತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಸಮಾಜವಾದಿಗಳಿಗೆ ಮರ, ಜನಸಂಘಕ್ಕೆ ದೀಪ, ಕಮ್ಯುನಿಸ್ಟರಿಗೆ ತೆನೆ ಮತ್ತು ಕುಡುಗೋಲು ದೊರೆತವು. ಹಾನಗಲ್ಲಿನ ಭತ್ತದ ಗದ್ದೆಯ ರೈತನಿಗೆ ಇವುಗಳಲ್ಲಿ ಯಾವುದನ್ನೂ ವಿವರಿಸಿ ಹೇಳುವ ಅಗತ್ಯವಿರಲಿಲ್ಲ.

ಅಂದಿನ ಮತದಾನದ ಕ್ರಮ ಇಂದಿನದಕ್ಕಿಂತ ಬೇರೆ. ಮತಪತ್ರದ ಮೇಲೆ ಅಭ್ಯರ್ಥಿಗಳ ಹೆಸರಾಗಲಿ ಚಿಹ್ನೆಯಾಗಲಿ ಇರಲಿಲ್ಲ. ಪರದೆಯ ಹಿಂದೆ ಪ್ರತಿಯೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಆತನ ಚಿಹ್ನೆಯನ್ನು ಅಂಟಿಸುತ್ತಿದ್ದರು. ಮತದಾರನು ತನಗೆ ಬೇಕಾದವನ ಪೆಟ್ಟಿಗೆಗೆ ಮತಪತ್ರವನ್ನು ಹಾಕಿ ಬರಬೇಕು. ಗುರುತು ಹಾಕುವ, ಮಡಿಸುವ ಗೊಂದಲ ಇದರಲ್ಲಿಲ್ಲ. ಆದರೆ ಅಭ್ಯರ್ಥಿಗಳು ಹೆಚ್ಚಿದಷ್ಟೂ ಪೆಟ್ಟಿಗೆಗಳು ಹೆಚ್ಚಬೇಕು. ಲೋಕಸಭೆಗೂ ವಿಧಾನಸಭೆಗೂ ಪ್ರತ್ಯೇಕವಾಗಿ ಇಡಬೇಕು. ಒಂದು ಮತಗಟ್ಟೆಯಲ್ಲಿ ಲೋಕಸಭೆಗೆ ಐವರೂ ವಿಧಾನಸಭೆಗೆ ಆರು ಮಂದಿಯೂ ಸ್ಪರ್ಧಿಸಿದ್ದರೆ ಕನಿಷ್ಠ ಹನ್ನೊಂದು ಪೆಟ್ಟಿಗೆಗಳು ಬೇಕಾಗುತ್ತಿದ್ದವು. ಪರದೆಯ ಹಿಂದೆ ಪತ್ರವನ್ನು ಪೆಟ್ಟಿಗೆಗೆ ಹಾಕದೆ ಹೊರಗೆ ಒಯ್ದು ಮಾರುವ ಅಪಾಯವೂ ಈ ಕ್ರಮದಲ್ಲಿತ್ತು.

ಹೀಗಾಗಿ ದೇಶಕ್ಕೆ 20 ಲಕ್ಷಕ್ಕೂ ಮಿಕ್ಕಿ ಉಕ್ಕಿನ ಪೆಟ್ಟಿಗೆಗಳು ಬೇಕಾದವು. ಅದಕ್ಕೆ ಸುಮಾರು 8,200 ಟನ್ ಉಕ್ಕು ಹಿಡಿಯಿತು. ಇವುಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳು ಮುಂಬಯಿಯ ವಿಕ್ರೋಲಿಯಲ್ಲಿದ್ದ ಗೋದ್ರೆಜ್ ಕಾರ್ಖಾನೆಯಲ್ಲಿ ತಯಾರಾದವು. ಒಂದು ರೂಪಾಯಿ ನೋಟಿನ ಗಾತ್ರದ ಮತಪತ್ರಗಳನ್ನು ನಾಸಿಕದ ಭದ್ರತಾ ಮುದ್ರಣಾಲಯದಲ್ಲಿ ಮುದ್ರಿಸಲಾಯಿತು. ಒಬ್ಬರೇ ಎರಡು ಸಲ ಮತ ಹಾಕದಂತೆ ಬೆರಳಿಗೆ ಅಳಿಸಲಾಗದ ಶಾಯಿ ಹಚ್ಚುವ ವ್ಯವಸ್ಥೆಯಾಯಿತು. ಮೊದಲ ಚುನಾವಣೆಗೆ 3,89,816 ಸೀಸೆ ಶಾಯಿ ಬಳಕೆಯಾಯಿತು. ಈ ಶಾಯಿ ಮೈಸೂರಿನಿಂದ ಬರತೊಡಗಿದ್ದು ಸೇನ್ ನಿವೃತ್ತರಾದ ಮೇಲೆ, 1962ರ ಚುನಾವಣೆಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1937ರಲ್ಲಿ ಸ್ಥಾಪಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಅದರ ತಯಾರಕ ಸಂಸ್ಥೆ.

1951-52ರ ಚುನಾವಣೆ

ಸುಮಾರು 2,24,000 ಮತಗಟ್ಟೆಗಳಿಗೆ 56,000 ಅಧ್ಯಕ್ಷಾಧಿಕಾರಿಗಳನ್ನೂ 2,80,000 ಸಹಾಯಕರನ್ನೂ 2,24,000 ಪೊಲೀಸರನ್ನೂ ನಿಯೋಜಿಸಲಾಯಿತು. ಮತದಾನ ಒಂದೇ ದಿನದಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಮುಗಿಸಬೇಕೆಂದು ಹಿಮಾಚಲದ ಚಿನಿ ತಹಸೀಲಿನಲ್ಲಿ 1951ರ ಅಕ್ಟೋಬರ್ 25ರಂದು ಆರಂಭಿಸಿದರು. ಅಲ್ಲಿ ಮೊದಲ ಮತ ಹಾಕಿದವರೆಂದು ಪ್ರಸಿದ್ಧರಾದ ಶ್ಯಾಮ್ ಶರಣ್ ನೇಗಿ ಒಬ್ಬ ಶಾಲಾ ಶಿಕ್ಷಕರು. ಉಳಿದೆಡೆ ಹಂತ ಹಂತವಾಗಿ ನಡೆದು 1952ರ ಫೆಬ್ರವರಿಯಲ್ಲಿ ಮುಗಿಯಿತು. ಗುಡ್ಡಗಾಡಿನ ಕೆಲವು ಹಳ್ಳಿಗಳಿಗೆ ಪೆಟ್ಟಿಗೆ ಒಯ್ಯಲು ನದಿಗಳಿಗೆ ಸೇತುವೆ ಕಟ್ಟಬೇಕಾಯಿತು. ದ್ವೀಪಗಳಿಗೆ ಪಟ್ಟಿಗಳನ್ನು ನೌಕಾಪಡೆಯ ಹಡಗುಗಳು ಒಯ್ದವು. ಲೋಕಸಭೆಯ 489 ಸ್ಥಾನಗಳಿಗೂ ರಾಜ್ಯಗಳ ವಿಧಾನಸಭೆಗಳಿಗೂ ಒಟ್ಟಿಗೆ ಚುನಾವಣೆಯಾಯಿತು.

ಕನ್ನಡ ಮಾತಾಡುವ ಜನ ಆಗ ಒಂದೇ ಆಡಳಿತದಲ್ಲಿ ಇರಲಿಲ್ಲ. ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂದು ಐದು ಕಡೆ ಹಂಚಿಹೋಗಿದ್ದರು. ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಜಿಲ್ಲೆಯ ಧಾರವಾಡ ಉತ್ತರ ಕ್ಷೇತ್ರದಿಂದ ಡಿ. ಪಿ. ಕರಮರಕರ ಅವರೂ, ಧಾರವಾಡ ದಕ್ಷಿಣ ಕ್ಷೇತ್ರದಿಂದ ಟಿ. ಆರ್. ನೇಸ್ವಿ ಅವರೂ ಲೋಕಸಭೆಗೆ ಆಯ್ಕೆಯಾದರು. ಹಾನಗಲ್, ಶಿಗ್ಗಾಂವಿ, ಹಿರೇಕೆರೂರುಗಳು ಬಹುಕಾಲದಿಂದ ಬ್ರಿಟಿಷ್ ಆಡಳಿತದಲ್ಲಿದ್ದವು. ಸವಣೂರಿನ ಸ್ಥಿತಿ ಬೇರೆ. ಅದು ನವಾಬರ ಆಳ್ವಿಕೆಯ ಸಂಸ್ಥಾನವಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ನಾಲ್ಕು ವರ್ಷಗಳ ಹಿಂದೆ ಸಂಸ್ಥಾನದ ಪ್ರಜೆಯಾಗಿದ್ದವನು ಈಗ ದೆಹಲಿಯ ಸಂಸತ್ತಿಗೆ ಪ್ರತಿನಿಧಿಯನ್ನು ಆರಿಸುವ ಮತದಾರನಾಗಿದ್ದ. ಸೇನ್ ಅವರ ಕಚೇರಿಯ ಲೆಕ್ಕದಲ್ಲಿ ನವಾಬರ ಮನೆತನದವರಿಗೂ ಅವರ ಹೊಲದ ಆಳಿಗೂ ಒಂದೊಂದೇ ಮತಪತ್ರ.

ದೇಶದಲ್ಲಿ ಶೇ. 45ರಷ್ಟು ಮತದಾನವಾಯಿತು. ಚುನಾವಣೆಗೆ ತಗುಲಿದ ವೆಚ್ಚ ಸುಮಾರು 10.45 ಕೋಟಿ ರೂಪಾಯಿ.

ಸುಡಾನ್ ಮತ್ತು ಎರಡನೆಯ ಮಹಾಚುನಾವಣೆ

1953ರಲ್ಲಿ ಸುಡಾನ್ ದೇಶದ ಮೊದಲ ಸಂಸದೀಯ ಚುನಾವಣೆಯ ಮೇಲ್ವಿಚಾರಣೆಗಾಗಿ ಅಂತರರಾಷ್ಟ್ರೀಯ ಆಯೋಗವೊಂದು ರಚನೆಯಾಯಿತು. ಏಳು ಸದಸ್ಯರ ಆ ಆಯೋಗದಲ್ಲಿ ಮೂವರು ಸುಡಾನಿಗಳೂ, ಈಜಿಪ್ಟ್, ಬ್ರಿಟನ್ ಮತ್ತು ಅಮೆರಿಕಗಳಿಂದ ಒಬ್ಬೊಬ್ಬರೂ ಇದ್ದರು. ಅಧ್ಯಕ್ಷತೆ ಸೇನ್ ಅವರದಾಗಿತ್ತು. ಸುಡಾನ್ 1956ರ ಜನವರಿ 1ರಂದು ಸ್ವತಂತ್ರವಾಯಿತು. ಭಾರತದಲ್ಲಿ ಪದ್ಮ ಪ್ರಶಸ್ತಿಗಳು ಆರಂಭವಾದ 1954ರಲ್ಲಿಯೇ ಸೇನ್ ಅವರಿಗೆ ಪದ್ಮಭೂಷಣ ಸಂದಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 1957ರ ಫೆಬ್ರವರಿ 24ರಿಂದ ಎರಡನೆಯ ಮಹಾಚುನಾವಣೆ ಆರಂಭವಾಯಿತು. ಕ್ಷೇತ್ರಗಳ ಗಡಿ ಬದಲಾಗಿತ್ತು, ಮೈಸೂರು ರಾಜ್ಯದ ಲೋಕಸಭಾ ಸ್ಥಾನಗಳು 11ರಿಂದ 26ಕ್ಕೆ ಏರಿದ್ದವು. ಹಿಂದಿನ ಚುನಾವಣೆಯಲ್ಲಿ ಮುಂಬಯಿಯ ವಿಧಾನಸಭೆಗೆ ಪ್ರತಿನಿಧಿಯನ್ನು ಕಳಿಸಿದ್ದ ಹಾನಗಲ್ ಸೀಮೆಯವರು ಈಗ ಬೆಂಗಳೂರಿಗೆ ಕಳಿಸಬೇಕಾಯಿತು. ಇಷ್ಟು ದೊಡ್ಡ ಬದಲಾವಣೆಯ ಬೆನ್ನಿಗೇ ಚುನಾವಣೆ ಸುಸೂತ್ರವಾಗಿ ನಡೆದದ್ದು ಮೊದಲ ಚುನಾವಣೆಗಿಂತ ಕಡಿಮೆಯ ಸಾಧನೆಯೇನಲ್ಲ. ಆದರೆ ಅದರ ಬಗ್ಗೆ ಬರೆದವರು ಕಡಿಮೆ.

ಮೊದಲ ಚುನಾವಣೆಯ ಪೆಟ್ಟಿಗೆಗಳನ್ನು ಸೇನ್ ಜೋಪಾನವಾಗಿ ಕಾಯ್ದಿರಿಸಿದ್ದರು. ಈ ಸಲ ಸುಮಾರು 5 ಲಕ್ಷ ಹೊಸ ಪೆಟ್ಟಿಗೆಗಳು ಮಾತ್ರ ಬೇಕಾದವು. ಮತದಾರರು 19 ಕೋಟಿಗೆ ಏರಿದರೂ ಖರ್ಚು ಹಿಂದಿನದಕ್ಕಿಂತ ಸುಮಾರು 4.5 ಕೋಟಿ ರೂಪಾಯಿ ಕಡಿಮೆಯಾಯಿತು.

ಕೊನೆಯ ವರ್ಷಗಳು

1958ರ ಡಿಸೆಂಬರಿನಲ್ಲಿ ಕೆ. ವಿ. ಕೆ. ಸುಂದರಂ ಅವರಿಗೆ ಅಧಿಕಾರ ವಹಿಸಿಕೊಟ್ಟು ಸೇನ್ ನಿವೃತ್ತರಾದರು. 1960ರಲ್ಲಿ ಸ್ಥಾಪನೆಯಾದ ಬರ್ದ್ವಾನ್ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಸೇವೆ ಸಲ್ಲಿಸಿದರು. 1960ರ ದಶಕದ ಆರಂಭದಲ್ಲಿಯೇ ನಿಧನರಾದರು. ಆತ್ಮಕಥೆಯನ್ನಾಗಲಿ ಖಾಸಗಿ ಕಾಗದಪತ್ರಗಳನ್ನಾಗಲಿ ಉಳಿಸಿಹೋಗಲಿಲ್ಲ. ಮೊದಲ ಮಹಾಚುನಾವಣೆಯ ಬಗ್ಗೆ ಆಯೋಗದಿಂದ ಹೊರಬಂದ ಅಧಿಕೃತ ವರದಿಯೇ ಅವರ ಕೆಲಸವನ್ನು ತಿಳಿಯಲು ಇರುವ ಮುಖ್ಯ ಆಧಾರ.

ನಂತರದ ಬದಲಾವಣೆಗಳು

ಅಭ್ಯರ್ಥಿಗೊಂದು ಪೆಟ್ಟಿಗೆಯ ಕ್ರಮ ಸೇನ್ ಅವರ ಅವಧಿಯೊಂದಿಗೇ ಕೊನೆಗೊಂಡಿತೆನ್ನಬಹುದು. 1962ರ ಮಹಾಚುನಾವಣೆಯಲ್ಲಿ ಎಲ್ಲ ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಗಳನ್ನು ಒಂದೇ ಮತಪತ್ರದಲ್ಲಿ ಮುದ್ರಿಸಿ, ಮುದ್ರೆ ಒತ್ತಿ ಒಂದೇ ಪೆಟ್ಟಿಗೆಗೆ ಹಾಕುವ ಪದ್ಧತಿ ಬಂದಿತು. ವಿದ್ಯುನ್ಮಾನ ಮತಯಂತ್ರವನ್ನು 1982ರ ಮೇ ತಿಂಗಳಲ್ಲಿ ಕೇರಳದ ಪರೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲು ಬಳಸಲಾಯಿತು. ಕಾನೂನಿನ ಆಧಾರವಿಲ್ಲದ ಕಾರಣ 1984ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಗೆ ತಿದ್ದುಪಡಿಯಾದ ಬಳಿಕ, 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ 543 ಕ್ಷೇತ್ರಗಳಲ್ಲಿಯೂ ಯಂತ್ರಗಳು ಬಳಕೆಗೆ ಬಂದವು. ಇವುಗಳ ತಯಾರಕರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್.

1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಧಾರವಾಡ ದಕ್ಷಿಣ ಲೋಕಸಭಾ ಕ್ಷೇತ್ರ ರದ್ದಾಗಿ, ಹಾನಗಲ್ ಮತ್ತು ಹಿರೇಕೆರೂರು ವಿಧಾನಸಭಾ ಕ್ಷೇತ್ರಗಳು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ಸವಣೂರು ತಾಲ್ಲೂಕನ್ನು ಒಳಗೊಂಡ ಶಿಗ್ಗಾಂವಿ ಮಾತ್ರ ಹಾವೇರಿ ಜಿಲ್ಲೆಯಲ್ಲಿದ್ದೂ ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಮಸ್ಟರಿಂಗ್ ದಿನ ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ಹೊರಡುವ ಸಿಬ್ಬಂದಿಯ ಕೈಯಲ್ಲಿ ಉಕ್ಕಿನ ಪೆಟ್ಟಿಗೆಗಳ ಬದಲು ಈಗ ಯಂತ್ರದ ಪೆಟ್ಟಿಗೆಗಳಿರುತ್ತವೆ. ಯಂತ್ರದ ಮೇಲೆ ಪ್ರತಿಯೊಂದು ಗುಂಡಿಯ ಪಕ್ಕದಲ್ಲಿಯೂ ಚಿಹ್ನೆ ಇರುತ್ತದೆ. ಮತದಾರರ ಪಟ್ಟಿಯಲ್ಲಿ ಗಂಡನ ಅಥವಾ ತಂದೆಯ ಹೆಸರಿಗಿಂತ ಮೊದಲು ಆಕೆಯ ಹೆಸರಿರುತ್ತದೆ.