ಕೂಸನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದರೆ ಸಾಕೇ? ರಾಕೆಟ್ ಬಂಡಿ ಏರಿದ ಡಾಕ್ಟರ್ ಕಥೆ ಓದಿ

ಕೊಹಿನೂರದಿಂದ ಹುಮನಾಬಾದಿಗೆ ಕಾರಿನಲ್ಲಿ ಹೊರಟರೆ ಕೂಸಿನ ಜಾಗ ಸಾಮಾನ್ಯವಾಗಿ ತಾಯಿಯ ತೊಡೆ. ಗಟ್ಟಿಯಾಗಿ ಹಿಡಿದರೆ ಏನೂ ಆಗದು ಎಂಬ ನಂಬಿಕೆ. ಇದು ನಿಜವೇ? ಅಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನಿ. ಆಗ 10 ಕೆ.ಜಿ. ಕೂಸನ್ನು ತಡೆಯಲು ಸುಮಾರು 140 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ಕೈಗೂ ಅದು ಆಗದ ಮಾತು.

ಇಂಥ ಹೊಡೆತವನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡವರು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟಾಪ್. ಹುಟ್ಟಿದ್ದು 1910ರಲ್ಲಿ, ಬ್ರೆಜಿಲ್‌ನಲ್ಲಿ. 1928ರ ಕ್ರಿಸ್‌ಮಸ್ ರಜೆಯಲ್ಲಿ ಬಂಧುಗಳ ಮನೆಯ ಹಸುಳೆಯೊಂದು ಬೆಂಕಿಗೆ ಸಿಕ್ಕಿತು. ಹಗಲೂ ರಾತ್ರಿ ಆರೈಕೆ ಮಾಡಿದರೂ ಉಳಿಯಲಿಲ್ಲ. ಡಾಕ್ಟರ್ ಆಗಬೇಕೆಂದು ಅವರು ನಿಶ್ಚಯಿಸಿದ್ದು ಆಗಲೇ.

ಹಳಿಯ ಮೇಲೆ ಓಡುವ ರಾಕೆಟ್ ಬಂಡಿಯನ್ನು ಅವರು ಮೊದಲು ಏರಿದ್ದು 1947ರ ಡಿಸೆಂಬರ್‌ನಲ್ಲಿ, ಬೆನ್ನು ಮುಂದೆ ಮಾಡಿ. ಹಾಗೆ ಕೂತರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ನಂತರ ಮುಖ ಮುಂದೆ ಮಾಡಿಯೂ ಕೂತರು. ಪಕ್ಕೆಲುಬು, ಮಣಿಕಟ್ಟು ಮುರಿದವು. (ಫಾರ್ವರ್ಡ್‌ಗಳಲ್ಲಿ ಓಡಾಡುವ ‘ಮರ್ಫಿ ನಿಯಮ’ ಹುಟ್ಟಿದ್ದೂ ಇವರ ತಂಡದಲ್ಲೇ, 1949ರಲ್ಲಿ.) 1954ರ ಡಿಸೆಂಬರ್ 10ರಂದು ಗಂಟೆಗೆ 1,017 ಕಿ.ಮೀ. ವೇಗಕ್ಕೇರಿ, ಒಂದೂವರೆ ಸೆಕೆಂಡಿನೊಳಗೆ ನಿಂತರು. ಕಣ್ಣುಗಳಲ್ಲಿ ರಕ್ತ ತುಂಬಿ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ.

ವಿಮಾನದಂತೆಯೇ ರಸ್ತೆಯ ಕಾರುಗಳೂ ವಾಯುಪಡೆಯವರನ್ನು ಕೊಲ್ಲುತ್ತಿರುವುದನ್ನು ಕಂಡು, 1955ರಿಂದ ಕಾರು ಡಿಕ್ಕಿಯ ಸಮ್ಮೇಳನ ಶುರುಮಾಡಿದರು. 1999ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ಬೆನ್ನಿಗೆ ಹೊಡೆತ ಹಂಚುವ ಇದೇ ತತ್ವದ ಮೇಲೆ 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ ಮಕ್ಕಳ ಕಾರ್ ಸೀಟ್ ರೂಪಿಸಿದರು. ಕೂಸಿನ ತಲೆ ಭಾರ, ಕುತ್ತಿಗೆ ಎಳೆಯದು. ಅದಕ್ಕೇ ಕೂಸಿನ ಮುಖ ಕಾರಿನ ಹಿಂಭಾಗಕ್ಕೆ ಇರಬೇಕು. ಸೀಟನ್ನು ಹಿಂದಿನ ಸಾಲಿನಲ್ಲೇ ಕಟ್ಟಿ. ಮುಂದಿನ ಏರ್‌ಬ್ಯಾಗ್ ಎದುರು ಇಟ್ಟರೆ ಅದೇ ಪ್ರಾಣ ತೆಗೆದೀತು. ಕೊಳ್ಳುವಾಗ ವಯಸ್ಸಿಗಿಂತ ಮಗುವಿನ ತೂಕ, ಎತ್ತರ ಸೀಟಿನ ಮೇಲೆ ಬರೆದಿರುವುದಕ್ಕೆ ಹೊಂದುತ್ತದೆಯೇ ನೋಡಿ. ಕಟ್ಟಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಭುಜದ ಪಟ್ಟಿ ಎರಡು ಬೆರಳಿನಲ್ಲಿ ಚಿವುಟಲು ಬರುವಂತಿದ್ದರೆ ಇನ್ನೂ ಸಡಿಲ ಇದೆ ಎಂದೇ ಅರ್ಥ, ಬಿಗಿ ಮಾಡಿ.