ಕೈ ಕೆಸರಾಗದೆ ಕಲಿಸಲಾರೆನೆಂದ ಝಾಕಿರ್ ಹುಸೈನ್

ಭಾರತದ ಮೂರನೇ ರಾಷ್ಟ್ರಪತಿ ಯಾರು ಅಂತ ಕೇಳಿದರೆ ನಮ್ಮ ಮಕ್ಕಳು ತಟ್ಟನೆ ಹೇಳುತ್ತಾರೆ. ದೇಶದ ಮೊದಲ ಮುಸ್ಲಿಂ ರಾಷ್ಟ್ರಪತಿ ಯಾರು ಅಂದರೂ ಅದೇ ಉತ್ತರ. ಕ್ವಿಝ್ ಪುಸ್ತಕದಲ್ಲಿ ಡಾ. ಝಾಕಿರ್ ಹುಸೈನ್ ಅವರಿಗೆ ಸಿಕ್ಕಿರುವುದು ಈ ಎರಡು ಸಾಲು ಮಾತ್ರ. ಆದರೆ ರಾಷ್ಟ್ರಪತಿ ಭವನದಲ್ಲಿ ಅವರು ಇದ್ದದ್ದು ಎರಡೇ ವರ್ಷ. ಅದಕ್ಕಿಂತ ಮೊದಲು 22 ವರ್ಷ ಅವರು ಒಂದು ಬಡ ವಿದ್ಯಾಸಂಸ್ಥೆಯನ್ನು ಹೊತ್ತು ನಡೆದವರು. ನಾವು ಇಲ್ಲಿ ಹೇಳಲು ಹೊರಟಿರುವುದು ಆ 22 ವರ್ಷದ ಕತೆಯನ್ನೇ.

ಹುಟ್ಟಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಕುಟುಂಬದ ಮೂಲ ಉತ್ತರ ಪ್ರದೇಶದ ಕಾಯಮ್‌ಗಂಜ್, ಪಠಾಣರ ಮನೆತನ. ತಂದೆ ವಕೀಲರು. ಝಾಕಿರ್‌ಗೆ ಹತ್ತು ವರ್ಷ ಆಗುವಾಗ ತಂದೆ ತೀರಿಕೊಂಡರು. ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ, 1911ರಲ್ಲಿ, ಊರಿಗೆ ಬಂದ ಪ್ಲೇಗ್ ತಾಯಿಯನ್ನೂ ಕರೆದುಕೊಂಡು ಹೋಯಿತು. ಯತೀಮ್ ಮಕ್ಕಳು ಎಷ್ಟು ಬೇಗ ದೊಡ್ಡವರಾಗುತ್ತಾರೆ ಎಂಬುದು ನಮ್ಮ ಊರುಗಳಲ್ಲಿಯೂ ಗೊತ್ತಿರುವ ಸಂಗತಿಯೇ. ತನ್ನ ಬಟ್ಟೆ, ತನ್ನ ಲೆಕ್ಕ, ತಮ್ಮಂದಿರ ಜವಾಬ್ದಾರಿ ಎಲ್ಲ ಆ ವಯಸ್ಸಿನಲ್ಲೇ ಹೆಗಲಿಗೆ ಬಂತು.

ಮುಂದೆ ಅಲಿಘರ್ ಕಾಲೇಜು. 1920ರಲ್ಲಿ ಖಿಲಾಫತ್ ಮತ್ತು ಅಸಹಕಾರದ ಗಾಳಿ ಬೀಸಿತು. ಬ್ರಿಟಿಷ್ ಸರಕಾರದ ನೆರವು ಪಡೆಯುವ ಕಾಲೇಜು ಬಿಟ್ಟು ಹೊರಗೆ ಬನ್ನಿ ಎಂದು ಗಾಂಧೀಜಿ ಮತ್ತು ಅಲಿ ಸಹೋದರರು ಕರೆ ಕೊಟ್ಟರು. ಝಾಕಿರ್ ಆಗ ಎಂ.ಎ. ವಿದ್ಯಾರ್ಥಿ, ಕಾಲೇಜಿನಲ್ಲಿ ಪಾಠವನ್ನೂ ಮಾಡುತ್ತಿದ್ದರು. ಒಳ್ಳೆಯ ಭವಿಷ್ಯ ಕಣ್ಣೆದುರು ಇತ್ತು. ಆದರೂ ಹೊರಗೆ ಬಂದರು. ಬಂದವರಿಗೆ ಕಲಿಯಲು ಒಂದು ಜಾಗ ಬೇಕಲ್ಲ? ಹಾಗೆ 1920ರ ಅಕ್ಟೋಬರ್ 29ರಂದು ಅಲಿಘರಿನಲ್ಲೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಹುಟ್ಟಿತು.

1922ರಲ್ಲಿ ಅವರು ಜರ್ಮನಿಗೆ ಹೋದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ನಮಗೆ ಆ ಡಾಕ್ಟರೇಟಿಗಿಂತ ಮುಖ್ಯ ಎನಿಸುವುದು ಅಲ್ಲಿ ಅವರು ಕಲಿತ ಬೇರೆ ಎರಡು ವಿಷಯಗಳು. ಒಂದು, ಮ್ಯೂನಿಕ್‌ನ ಕೆರ್ಶೆನ್‌ಸ್ಟೈನರ್ ಎಂಬ ಶಿಕ್ಷಣ ತಜ್ಞರ ವಿಚಾರ. ಮಗು ಕೈಯಿಂದ ಕೆಲಸ ಮಾಡುತ್ತಾ ಕಲಿಯಬೇಕು, ತಾನು ಮಾಡಿದ ಕೆಲಸದಲ್ಲಿ ತಪ್ಪಿದ್ದರೆ ತಾನೇ ನೋಡಿ ತಿದ್ದಿಕೊಳ್ಳಬೇಕು, ಒಳ್ಳೆಯ ನಾಗರಿಕ ತಯಾರಾಗುವುದು ಹೀಗೆ ಎಂಬುದು ಅವರ ನಂಬಿಕೆ. ಇನ್ನೊಂದು ಸ್ವಲ್ಪ ತಮಾಷೆಯದ್ದು. ಬರ್ಲಿನ್‌ನ ಕಾವಿಯಾನಿ ಪ್ರೆಸ್ಸಿನಲ್ಲಿ ಗಾಲಿಬರ ದೀವಾನ್ ಅಚ್ಚು ಹಾಕಿಸಲು ಹೋದ ಝಾಕಿರ್, ಮೊಳೆ ಜೋಡಿಸುವ ಕೆಲಸವನ್ನು ತಾನೇ ಕಲಿತು ಕೂತುಬಿಟ್ಟರು. ಡಾಕ್ಟರೇಟ್ ಮಾಡುವ ಮನುಷ್ಯ ಬೆರಳಿಗೆ ಮಸಿ ಹಚ್ಚಿಕೊಂಡು ಅಕ್ಷರ ಜೋಡಿಸುವುದು ನಮ್ಮಲ್ಲಿ ಈಗಲೂ ಅಪರೂಪ ಮಾರಾಯ್ರೆ.

ಅಷ್ಟರಲ್ಲಿ ಖಿಲಾಫತ್ ಚಳವಳಿ ಮುಗಿದು ಹೋಗಿತ್ತು, ಜಾಮಿಯಾಕ್ಕೆ ಹಣ ಬರುವ ದಾರಿಯೂ ಮುಚ್ಚಿತ್ತು. ಸಂಸ್ಥೆಯನ್ನು ಮುಚ್ಚಿಬಿಡೋಣ ಎಂಬ ಮಾತು ನಡೆಯಿತು. ಆಗ ಜರ್ಮನಿಯಿಂದಲೇ ಝಾಕಿರ್ ಮತ್ತು ಗೆಳೆಯರಾದ ಆಬಿದ್ ಹುಸೈನ್, ಮುಹಮ್ಮದ್ ಮುಜೀಬ್ ಸುದ್ದಿ ಕಳಿಸಿದರು, ತಾವು ಮೂವರೂ ಬಂದು ಜೀವನವನ್ನೇ ಅದಕ್ಕೆ ಕೊಡುತ್ತೇವೆ, ಅಲ್ಲಿಯ ತನಕ ಮುಚ್ಚಬೇಡಿ ಅಂತ. ಹಕೀಮ್ ಅಜ್ಮಲ್ ಖಾನ್ ಸಂಸ್ಥೆಯನ್ನು ದೆಹಲಿಯ ಕರೋಲ್ ಬಾಗ್‌ಗೆ ತಂದು ಉಳಿಸಿಕೊಂಡರು. 1926ರಲ್ಲಿ ಮೂವರೂ ಬಂದರು. ಝಾಕಿರ್ ಹುಸೈನ್ ಜಾಮಿಯಾದ ಕುಲಪತಿಯಾದರು. ವಯಸ್ಸು 29.

ಕುಲಪತಿ ಅಂದ ಕೂಡಲೇ ಕಾರು ಬಂಗಲೆ ಅಂತ ಎಣಿಸಬೇಡಿ. 1927ರ ಕೊನೆಗೆ ಹಕೀಮ್ ಸಾಹೇಬರು ತೀರಿಕೊಂಡ ಮೇಲೆ ಇದ್ದ ಆಧಾರವೂ ಹೋಯಿತು. ಮರುವರ್ಷ ಅಲ್ಲಿನ ಅಧ್ಯಾಪಕರು ಸೇರಿ ಒಂದು ಸಂಘ ಕಟ್ಟಿ ಪ್ರತಿಜ್ಞೆ ಮಾಡಿದರು. ಇಪ್ಪತ್ತು ವರ್ಷ ಜಾಮಿಯಾ ಬಿಟ್ಟು ಹೋಗುವುದಿಲ್ಲ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ತೆಗೆಯುವುದಿಲ್ಲ. ಝಾಕಿರ್ ಹುಸೈನ್ ತೆಗೆದುಕೊಂಡದ್ದು ಅದಕ್ಕಿಂತಲೂ ಕಡಿಮೆ. ಅದೂ ಎಷ್ಟೋ ತಿಂಗಳು ಸಮಯಕ್ಕೆ ಸಿಗುತ್ತಿರಲಿಲ್ಲ. ಸಂಬಳ ತಡವಾಗುವುದು ಎಂದರೆ ಏನು ಎಂದು ಮದ್ರಸದಲ್ಲಿ ಕಲಿಸುವ ನಮಗೆ ಯಾರೂ ವಿವರಿಸಬೇಕಾಗಿಲ್ಲ, ಬಿಡಿ.

ಇಂಥ ಬಡತನದಲ್ಲಿ ಅವರು ಹೆಚ್ಚು ಗಮನ ಕೊಟ್ಟದ್ದು ಕಾಲೇಜಿಗಲ್ಲ, ಪ್ರೈಮರಿ ಶಾಲೆಗೆ. ಇದು ನಮಗೆ ಅವರ ಬಗ್ಗೆ ಇರುವ ಗೌರವಕ್ಕೆ ದೊಡ್ಡ ಕಾರಣ. ಪಂಜಾಬಿನ ಮೋಗಾದಲ್ಲಿ ಮಿಷನರಿಗಳ ಶಾಲೆಯೊಂದು ಪ್ರಾಜೆಕ್ಟ್ ಪದ್ಧತಿಯಲ್ಲಿ ಕಲಿಸುತ್ತಿತ್ತು. ಅಬ್ದುಲ್ ಗಫ್ಫಾರ್ ಮುಧೋಲಿ ಎಂಬ ಅಧ್ಯಾಪಕರು ಅಲ್ಲಿಗೆ ಹೋಗಿ ಕಲಿತು ಬಂದರು. ಒಳ್ಳೆಯದು ಎಲ್ಲಿದ್ದರೂ ಹೋಗಿ ತರುವುದು ಅಂದರೆ ಇದೇ ಅಲ್ವಾ. ಆ ಮೇಲೆ ಜಾಮಿಯಾದ ಪ್ರೈಮರಿ ಶಾಲೆಯಲ್ಲಿ ಮಕ್ಕಳದ್ದೇ ಒಂದು ಬ್ಯಾಂಕ್ ಶುರುವಾಯಿತು. ಮಕ್ಕಳದ್ದೇ ಒಂದು ಅಂಗಡಿ ಬಂತು. ತೋಟ ಬಂತು, ಕೋಳಿ ಸಾಕಣೆ ಬಂತು. ಶಾಲೆಯ ಶಿಸ್ತು ನೋಡಿಕೊಳ್ಳಲು ಮಕ್ಕಳದ್ದೇ ಸರಕಾರ.

ಸ್ವಲ್ಪ ಯೋಚಿಸಿ ನೋಡಿ. ಅಂಗಡಿ ನಡೆಸುವ ಹುಡುಗನಿಗೆ ಕೂಡಿಸು ಕಳೆ ಬಾರದಿದ್ದರೆ ಸಂಜೆ ಗಲ್ಲದಲ್ಲಿ ದುಡ್ಡು ಕಡಿಮೆ ಬೀಳುತ್ತದೆ. ಅದಕ್ಕೆ ಮೇಷ್ಟ್ರು ಬೆತ್ತ ಹಿಡಿಯಬೇಕಾಗಿಲ್ಲ. ಬ್ಯಾಂಕಿನಲ್ಲಿ ಕೂತ ಹುಡುಗ ಇನ್ನೊಬ್ಬನ ಎರಡಾಣೆಗೆ ಉತ್ತರ ಹೇಳಬೇಕು. ಅಮಾನತ್ ಎಂಬ ಪದವನ್ನು ನಾವು ಮದ್ರಸದಲ್ಲಿ ಕಿತಾಬು ನೋಡಿ ವಿವರಿಸುತ್ತೇವೆ, ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಆ ಹುಡುಗರು ಅದನ್ನು ಕೈಯಲ್ಲಿ ಎಣಿಸುತ್ತಿದ್ದರು. ನಮ್ಮಲ್ಲಿ ಡಿಗ್ರಿ ಮುಗಿಸಿದ ಹುಡುಗ ಬ್ಯಾಂಕಿನಲ್ಲಿ ಚಲನ್ ತುಂಬಿಸಲು ಪಕ್ಕದವರ ಮುಖ ನೋಡುವುದುಂಟು. ಗಲ್ಫಿಗೆ ಹೋದ ಮೊದಲ ತಿಂಗಳು ರೂಮಿನಲ್ಲಿ ಅನ್ನಕ್ಕೆ ಎಷ್ಟು ನೀರು ಇಡಬೇಕು ಅಂತ ಉಮ್ಮನಿಗೆ ಫೋನ್ ಮಾಡುವುದೂ ಉಂಟು. ತಪ್ಪು ಅವನದ್ದಲ್ಲ, ಅವನ ಮಾರ್ಕ್‌ಕಾರ್ಡಿನಲ್ಲಿ ಆ ಸಬ್ಜೆಕ್ಟೇ ಇರಲಿಲ್ಲ.

1935ರ ಮಾರ್ಚ್ 1ರಂದು ದೆಹಲಿಯ ಹೊರಗೆ ಓಖ್ಲಾದಲ್ಲಿ ಜಾಮಿಯಾದ ಹೊಸ ಶಾಲಾ ಕಟ್ಟಡಕ್ಕೆ ಶಿಲಾನ್ಯಾಸ. ದೊಡ್ಡ ದೊಡ್ಡ ನಾಯಕರು ಜಾಮಿಯಾಕ್ಕೆ ಹತ್ತಿರದವರಾಗಿದ್ದರು. ಆದರೆ ಕಲ್ಲು ಇಟ್ಟದ್ದು ಶಾಲೆಯ ಅತ್ಯಂತ ಚಿಕ್ಕ ವಿದ್ಯಾರ್ಥಿ. ಬರ್ಲಿನ್‌ನಲ್ಲಿ ಪರಿಚಯವಾಗಿದ್ದ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಮಹಿಳೆ, ಜರ್ಮನಿ ಬಿಟ್ಟು ಬಂದವರು, ಇಲ್ಲಿನ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಾ ಇಲ್ಲಿಯೇ ಉಳಿದರು. ಮಕ್ಕಳಿಗೆ ಅವರು ಆಪಾಜಾನ್. 1943ರಲ್ಲಿ ತೀರಿಕೊಂಡ ಅವರ ಸಮಾಧಿ ಈಗಲೂ ಜಾಮಿಯಾದಲ್ಲೇ ಇದೆ.

ಝಾಕಿರ್ ಸಾಹೇಬರ ಬಗ್ಗೆ ಅನೇಕ ಕತೆಗಳಿವೆ. ಮಕ್ಕಳು ಚಪ್ಪಲಿ ಬೂಟು ಒರೆಸದೆ ಬರುತ್ತಾರೆಂದು ಕುಲಪತಿಗಳೇ ಬ್ರಶ್ಶು ಪಾಲಿಶ್ ಹಿಡಿದು ಗೇಟಿನಲ್ಲಿ ನಿಂತರು ಎಂಬುದು ಎಲ್ಲರೂ ಹೇಳುವ ಕತೆ. ಇನ್ನೊಂದು, ಅವರ ಗೆಳೆಯರು ದಾಖಲಿಸಿರುವುದು, ಬರೆಯುವಾಗ ನಮಗೂ ಕೈ ಸ್ವಲ್ಪ ತಡೆಯುತ್ತದೆ. ಪ್ರೈಮರಿ ಶಾಲೆಯ ಪರೀಕ್ಷೆಯ ಫಲಿತಾಂಶದ ದಿನ. ಅವರು ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದರು. ಮನೆಯಲ್ಲಿ ಪುಟ್ಟ ಮಗಳು ರೆಹಾನಾಳಿಗೆ ತೀರಾ ಹುಷಾರಿಲ್ಲ ಎಂದು ಜವಾನ ಬಂದು ಕಿವಿಯಲ್ಲಿ ಹೇಳಿದ. ಹಂಚುವುದು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಬಂದ, ಮಗಳು ಹೋಗಿದ್ದಳು. ಮುಖ ಬಿಳಿಚಿಕೊಂಡಿತು, ಆದರೂ ಕೊನೆಯ ಮಗುವಿನ ಕೈಗೆ ಮಿಠಾಯಿ ಸೇರುವ ತನಕ ಅವರು ಅಲ್ಲಿಂದ ಕದಲಲಿಲ್ಲ. ಮಕ್ಕಳ ಸಂತೋಷವನ್ನು ಅರ್ಧಕ್ಕೆ ಮುರಿಯುವ ಮನಸ್ಸಾಗಲಿಲ್ಲವಂತೆ. ಇದನ್ನು ತಂದೆಯಾದವರು ಹೇಗೆ ತೂಗುತ್ತೀರೋ ಗೊತ್ತಿಲ್ಲ. ಮನೆಯಲ್ಲಿದ್ದ ತಾಯಿ ಶಾಹಜಹಾನ್ ಬೇಗಂ ಆ ಹೊತ್ತನ್ನು ಹೇಗೆ ಕಳೆದರೋ ಎಂಬುದೂ ನಮ್ಮ ಮನಸ್ಸಿಗೆ ಬರುತ್ತದೆ. ಝಾಕಿರ್ ಸಾಹೇಬರು ಮಕ್ಕಳಿಗಾಗಿ ಬರೆದ ಕತೆಗಳು ಅಚ್ಚಾದದ್ದು ಅವರ ಹೆಸರಿನಲ್ಲಲ್ಲ, ಆ ಮಗಳ ಹೆಸರಿನಲ್ಲಿ. ಅಬ್ಬೂ ಖಾನ್ ಎಂಬವನಿಂದ ತಪ್ಪಿಸಿಕೊಂಡು ಗುಡ್ಡಕ್ಕೆ ಓಡಿದ ಆಡಿನ ಕತೆ ಉರ್ದು ಓದುವ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ.

ಈಗ 1937ಕ್ಕೆ ಬರೋಣ. ಪ್ರಾಂತಗಳಲ್ಲಿ ಹೊಸ ಮಂತ್ರಿಮಂಡಲಗಳು ಬಂದಿದ್ದವು. ಶಾಲೆ ಕಟ್ಟಲು ಹಣ ಇಲ್ಲ. ಮಕ್ಕಳು ಒಂದು ಕಸುಬಿನ ಮೂಲಕವೇ ಎಲ್ಲ ಕಲಿಯಲಿ, ಅವರು ಮಾಡಿದ ವಸ್ತು ಮಾರಿ ಶಾಲೆಯ ಖರ್ಚೂ ನಡೆಯಲಿ ಎಂಬುದು ಗಾಂಧೀಜಿಯ ಯೋಚನೆ. ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಸಮ್ಮೇಳನ ನಡೆಯಿತು. ಅಲ್ಲಿ ಎದ್ದು ನಿಂತು, ಗಾಂಧೀಜಿಯ ಎದುರಿಗೇ, ಈ ಯೋಜನೆಯಲ್ಲಿ ಅಪಾಯವೂ ಇದೆ ಎಂದವರು ಝಾಕಿರ್ ಹುಸೈನ್. ಕೆಲಸದ ಮೂಲಕ ಕಲಿಕೆ ಹೊಸ ಮಾತೇನಲ್ಲ, ಒಳ್ಳೆಯದೇ. ಆದರೆ ಮಗು ಗಳಿಸಿದ ದುಡ್ಡಿನಲ್ಲಿ ಮೇಷ್ಟ್ರ ಸಂಬಳ ಬರುವುದಾದರೆ ಮೇಷ್ಟ್ರು ಮಗುವಿನಿಂದ ದುಡಿಸುವ ಮೇಸ್ತ್ರಿಯಾಗಿ ಬಿಡಬಹುದು ಎಂಬುದು ಅವರ ಭಯ. ಗಾಂಧೀಜಿ ಸಿಟ್ಟಾಗಲಿಲ್ಲ. ಪಠ್ಯ ತಯಾರಿಸುವ ಸಮಿತಿಯ ಅಧ್ಯಕ್ಷತೆ ಬಂದದ್ದು ಇದೇ ಝಾಕಿರ್ ಹುಸೈನ್ ಅವರಿಗೆ.

ಡಿಸೆಂಬರ್ 2ಕ್ಕೆ ವರದಿ ತಯಾರು. ಏಳರಿಂದ ಹದಿನಾಲ್ಕು ವರ್ಷದ ತನಕ ಎಲ್ಲರಿಗೂ ಉಚಿತ ಕಡ್ಡಾಯ ಶಿಕ್ಷಣ, ಅದೂ ಮಾತೃಭಾಷೆಯಲ್ಲಿ. ದಿನಕ್ಕೆ ಐದೂವರೆ ಗಂಟೆಯ ಶಾಲೆ. ಅದರಲ್ಲಿ 3 ಗಂಟೆ 20 ನಿಮಿಷ ಕಸುಬು. ನೂಲುವುದು, ನೇಯುವುದು, ಬಡಗಿ ಕೆಲಸ, ಬೇಸಾಯ, ಚರ್ಮದ ಕೆಲಸ, ಊರಿಗೆ ಯಾವುದು ಹೊಂದುತ್ತದೋ ಅದು. ಮಾತೃಭಾಷೆಗೆ 40 ನಿಮಿಷ. ಸಂಗೀತ, ಚಿತ್ರ, ಲೆಕ್ಕ ಎಲ್ಲ ಸೇರಿ 40 ನಿಮಿಷ. ಸಮಾಜ ಮತ್ತು ವಿಜ್ಞಾನಕ್ಕೆ ಅರ್ಧ ಗಂಟೆ. ವ್ಯಾಯಾಮಕ್ಕೆ ಹತ್ತು, ಬಿಡುವಿಗೆ ಹತ್ತು. ಕಸುಬಿಗೆ ಇಷ್ಟು ಹೊತ್ತು ಜಾಸ್ತಿಯಾಯಿತು ಎಂದು ನಮಗೂ ಅನಿಸುತ್ತದೆ. ಆದರೆ ಅದು ಬರೀ ಕೂಲಿ ಕೆಲಸದ ಹೊತ್ತು ಅಲ್ಲ. ಹತ್ತಿ ಎಲ್ಲಿ ಬೆಳೆಯುತ್ತದೆ ಎಂಬಲ್ಲಿ ಭೂಗೋಳ, ನೂಲಿನ ಉದ್ದ ತೂಕದಲ್ಲಿ ಲೆಕ್ಕ, ಬಟ್ಟೆಯ ವ್ಯಾಪಾರದಲ್ಲಿ ಚರಿತ್ರೆ, ಹೀಗೆ ಕಸುಬಿನ ಒಳಗಿನಿಂದಲೇ ಪಾಠ ಹೊರಡಬೇಕಿತ್ತು. ಅದಕ್ಕೆ ತುಂಬಾ ಬಲ್ಲ ಮೇಷ್ಟ್ರು ಬೇಕು. ಗಂಟು ಬಿದ್ದದ್ದು ಅಲ್ಲೇ.

ನಮ್ಮ ಸಮುದಾಯದ ಕಡೆಯಿಂದಲೂ ವಿರೋಧ ಬಂತು. ಮುಸ್ಲಿಂ ಲೀಗ್ ಈ ಯೋಜನೆಯನ್ನು ಒಪ್ಪಲಿಲ್ಲ. ವರದಿಯಲ್ಲಿ ಧಾರ್ಮಿಕ ಶಿಕ್ಷಣಕ್ಕೆ ಜಾಗ ಇರಲಿಲ್ಲ ಎಂಬುದು ದೊಡ್ಡ ದೂರು. ಆ ಭಯವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ, ಮಕ್ಕಳ ದೀನ್ ಬಗ್ಗೆ ಚಿಂತೆ ಇರುವ ಯಾರಿಗೂ ಅದು ಬರುವಂಥದ್ದೇ. ಆದರೆ ಒಂದು ಮಾತು ನೆನಪಿಡಬೇಕು. ಎಲ್ಲ ಧರ್ಮದ ಮಕ್ಕಳ ಸರಕಾರಿ ಶಾಲೆಗೆ ಆ ವರದಿ ಬರೆದ ಮನುಷ್ಯ, ತನ್ನ ಜಾಮಿಯಾದಲ್ಲಿ ಮುಸ್ಲಿಂ ಮಕ್ಕಳಿಗೆ ದೀನೀ ಪಾಠ ಬಿಡಿಸಿರಲಿಲ್ಲ. ಕುರ್‌ಆನ್ ಓದುವ ಹುಡುಗನೇ ಕೋಳಿಗೂಡು ಗುಡಿಸುತ್ತಿದ್ದ, ಬ್ಯಾಂಕಿನ ಪುಸ್ತಕ ಬರೆಯುತ್ತಿದ್ದ. ಒಂದು ಬೇಕಾದರೆ ಇನ್ನೊಂದು ಬಿಡಬೇಕು ಎಂದು ಅವರು ಯಾವತ್ತೂ ಎಣಿಸಲಿಲ್ಲ. ಮದ್ರಸ ಬೇರೆ, ಬದುಕು ಬೇರೆ ಎಂದು ಗೆರೆ ಎಳೆದದ್ದು ಆ ಮೇಲೆ ನಾವುಗಳು.

ಆದರೂ ಯಾರ ಪಕ್ಷಕ್ಕೂ ಅವರು ಜಾಮಿಯಾವನ್ನು ಬಿಟ್ಟುಕೊಡಲಿಲ್ಲ. 1946ರ ನವೆಂಬರಿನಲ್ಲಿ ದೇಶ ಗಲಭೆಯಲ್ಲಿ ಉರಿಯುತ್ತಿದ್ದಾಗ ನಡೆದ ಬೆಳ್ಳಿಹಬ್ಬಕ್ಕೆ ಜಿನ್ನಾ ಬಂದರು, ನೆಹರೂ ಬಂದರು, ಆಝಾದ್ ಬಂದರು, ಲಿಯಾಕತ್ ಅಲಿ ಬಂದರು. ಒಂದೇ ವೇದಿಕೆಯಲ್ಲಿ ಅವರನ್ನೆಲ್ಲ ಕೂರಿಸಿ, ಉರಿಯುವ ಬೆಂಕಿ ನಂದಿಸಿ ಎಂದು ಝಾಕಿರ್ ಹುಸೈನ್ ಬೇಡಿಕೊಂಡರು. ಬೆಂಕಿ ನಂದಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ಕಾಶ್ಮೀರಕ್ಕೆ ಹೊರಟಿದ್ದ ಅವರನ್ನೇ ಜಾಲಂಧರ್ ಸ್ಟೇಷನ್ನಿನಲ್ಲಿ ಕೊಲ್ಲಲು ಗುಂಪು ಬಂತು. ಉಳಿಸಿದವರು ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ಅಧಿಕಾರಿ. ಕರೋಲ್ ಬಾಗ್‌ನಲ್ಲಿದ್ದ ಜಾಮಿಯಾದ ಆಸ್ತಿ, ಪುಸ್ತಕಗಳು ಲೂಟಿಗೆ ಹೋದವು. ತಮ್ಮ ಮಹಮೂದ್ ಹುಸೈನ್ ಪಾಕಿಸ್ತಾನಕ್ಕೆ ಹೋದರು. ಇವರು ಇಲ್ಲೇ ಉಳಿದರು.

ನಂತರದ್ದು ಎಲ್ಲರಿಗೂ ಗೊತ್ತಿರುವ ಮೆಟ್ಟಿಲುಗಳು. 1948ರಿಂದ 56ರ ತನಕ ಅಲಿಘರ್ ವಿಶ್ವವಿದ್ಯಾಲಯದ ಕುಲಪತಿ, 1957ರಲ್ಲಿ ಬಿಹಾರದ ರಾಜ್ಯಪಾಲ, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತ ರತ್ನ, 1967ರ ಮೇ 13ರಂದು ರಾಷ್ಟ್ರಪತಿ. ಹೋದಲ್ಲೆಲ್ಲ ಗುಲಾಬಿ ಗಿಡ ನೆಟ್ಟರು. ಬಣ್ಣದ ಕಲ್ಲುಗಳನ್ನು ಹೆಕ್ಕಿ ತಂದು ಇಡುವ ಹುಚ್ಚೂ ಇತ್ತು.

ಅವರ ಬುನಾದಿ ಶಿಕ್ಷಣ ಏನಾಯಿತು? ನಮ್ಮ ಕರಾವಳಿಯ ಹಿರಿಯರನ್ನು ಕೇಳಿ, ಶಾಲೆಯಲ್ಲಿ ತಕಲಿ ತಿರುಗಿಸಿದ್ದನ್ನು ಹೇಳುತ್ತಾರೆ. ತಕಲಿ ಮಾತ್ರ ಬಂತು, ಅದರ ಸುತ್ತ ಹುಟ್ಟಬೇಕಿದ್ದ ಭೂಗೋಳ, ಲೆಕ್ಕ ಬರಲಿಲ್ಲ. ಯೋಜನೆಯನ್ನು ಭಾಷಣದಲ್ಲಿ ಹೊಗಳಿದ ದೊಡ್ಡವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದರು, ಕಸುಬಿನ ಶಾಲೆ ಹಳ್ಳಿಯ ಬಡವರ ಪಾಲಿಗೆ ಉಳಿಯಿತು. ಬಡವರೂ ದಡ್ಡರಲ್ಲ, ಅವರಿಗೂ ಅರ್ಥವಾಯಿತು. 1950ರ ದಶಕದ ಕೊನೆಗೆ ಝಾಕಿರ್ ಹುಸೈನರೇ, ಆಗ ರಾಜ್ಯಪಾಲರಾಗಿದ್ದವರು, ತಾನು ಹೆತ್ತ ಯೋಜನೆಯ ಹೆಸರಿನಲ್ಲಿ ನಡೆಯುತ್ತಿರುವುದನ್ನು ಬಹಿರಂಗವಾಗಿಯೇ ಕಟುವಾಗಿ ಟೀಕಿಸಿದರು. ಈಗ ಹೊಸ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದ ಶಾಲೆ, ಊರಿನ ಬಡಗಿ ಕುಂಬಾರರ ಬಳಿ ಕಲಿಕೆ ಎಂದು ಬರೆದಿದ್ದಾರೆ. ಅವರು ಕೇಳಿದ್ದು ದಿನಕ್ಕೆ ಮೂರು ಗಂಟೆ, ಸಿಕ್ಕಿದ್ದು ಹತ್ತು ದಿನ.

1969ರ ಮೇ 3ರಂದು, ಅಧಿಕಾರದಲ್ಲಿ ಇರುವಾಗಲೇ, ದೆಹಲಿಯಲ್ಲಿ ತೀರಿಕೊಂಡರು. ರಾಷ್ಟ್ರಪತಿ ಭವನದಿಂದ ಅವರ ಜನಾಝವನ್ನು ಒಯ್ದದ್ದು ಓಖ್ಲಾಕ್ಕೆ. ಚಿಕ್ಕ ಹುಡುಗನೊಬ್ಬ ಅಡಿಗಲ್ಲು ಇಟ್ಟ ಆ ಜಾಮಿಯಾದ ಅಂಗಳದಲ್ಲೇ ದಫನ ಮಾಡಿದರು. ಪಾಠ ಬಿಟ್ಟ ಹೊತ್ತಿಗೆ ಆ ದಾರಿಯಲ್ಲಿ ವಿದ್ಯಾರ್ಥಿಗಳು ನಡೆದು ಹೋಗುತ್ತಾರೆ.