ಮಂಗಳೂರಿನ ಕಮಲಾದೇವಿ



ಕಮಲಾದೇವಿ ಚಟ್ಟೋಪಾಧ್ಯಾಯ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕೈಮಗ್ಗ, ಕರಕುಶಲ ಕಲೆ. ನನಗೆ ಮಾತ್ರ ಅವರು ಜನರನ್ನು ಕೆಲಸಕ್ಕೆ ಕೂಡಿಸಿದ ರೀತಿಯೇ ಹೆಚ್ಚು ಇಷ್ಟ.

1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿಗೇ ವಿಧವೆಯಾದವರು. ಮುಂದೆ ಓದಿದ್ದು ನಮ್ಮ ಚೆನ್ನೈನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ (ಮರೀನಾ ಕಡೆ ಹೋದಾಗಲೆಲ್ಲ ನನಗಿದು ನೆನಪಾಗುತ್ತದೆ). 1926ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯಕ್ಕೆ ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿದರು. ಪ್ರಚಾರಕ್ಕೆ ಸಮಯವೇ ಇರಲಿಲ್ಲ, ಆದರೂ ಸೋತದ್ದು ಅಲ್ಪ ಮತಗಳಿಂದ. ಸೋತೆನೆಂದು ಮನೆಯಲ್ಲಿ ಕೂರಲಿಲ್ಲ. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನಾ ಕಾರ್ಯದರ್ಶಿಯಾಗಿ ಊರೂರು ಸುತ್ತಿದರು.

ನನ್ನನ್ನು ಹಿಡಿದು ನಿಲ್ಲಿಸುವುದು ಫರೀದಾಬಾದ್. ಸ್ವಯಂಸೇವಕರೇ ಸಿಗುವುದಿಲ್ಲ ಎಂದು ನಾವು ರಾಜ್ಯೋತ್ಸವದ ಹೊತ್ತಿಗೆ ಗೊಣಗುತ್ತೇವಲ್ಲ, ಕಮಲಾದೇವಿಯವರ ಮುಂದಿದ್ದವರು ದೇಶವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಸುಮಾರು 50 ಸಾವಿರ ನಿರಾಶ್ರಿತರು. ಕಮಲಾದೇವಿ ಕಟ್ಟಿದ ಭಾರತೀಯ ಸಹಕಾರಿ ಒಕ್ಕೂಟ ಅವರಿಗೆ ಬಿಟ್ಟಿ ಪಡಿತರದ ಬದಲು ಕೆಲಸ ಕೊಡಿಸಲು ನಿಂತಿತು. ಆ ಜನ ಸಹಕಾರ ಸಂಘಗಳನ್ನು ಮಾಡಿಕೊಂಡು, ತಾವು ವಾಸಿಸುವ ಮನೆಗಳನ್ನು ತಾವೇ ಕೂಲಿ ಪಡೆದು ಕಟ್ಟಿದರು.